ತೆಂಗಿನ ಸೀಮೆಯ ರೊಟ್ಟಿಯೂ ಮೆಕ್ಸಿಕೋ ದೇಶದ ಟಾಕೋವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಹೊರಗಿನವರು ಕೊಬ್ಬರಿಯಿಂದ ಬಲ್ಲರು. ಆದರೆ ತೆಂಗು ಈ ನಾಡಿಗೆ ತಂದುದು ಹಣವನ್ನು. ಹೊಟ್ಟೆಯನ್ನು ತುಂಬಿದುದು ರಾಗಿ. ರಾಗಿರೊಟ್ಟಿ, ಕಾಯಿಚಟ್ನಿ, ಹುಚ್ಚೆಳ್ಳಿನ ಪುಡಿ, ಅಲಸಂದೆಯ ಪಲ್ಯ, ಇಷ್ಟಿದ್ದರೆ ಅಲ್ಪ ವೆಚ್ಚದಲ್ಲಿ ಒಂದು ಸಂಸಾರದ ರಾತ್ರಿಯೂಟ ಸಾಂಗವಾಗಿ ನೆರವೇರುವುದು. ಆದರೂ ಅತಿಥಿಗಳು ಬಂದಾಗ ಇದನ್ನು ಬಡಿಸಲು ಸಂಕೋಚಪಡುವ ಗೃಹಸ್ಥರುಂಟು. ಅದೇ ಮನೆಯ ಮಕ್ಕಳು ಪಟ್ಟಣಕ್ಕೆ ಹೋಗಿ, ಮೆಕ್ಸಿಕೋ ದೇಶದ ಟಾಕೋ ಎಂಬ ತಿನಿಸನ್ನು ದುಬಾರಿ ಬೆಲೆ ತೆತ್ತು ತಿಂದು ಕೊಂಡಾಡುವರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಚರಿತ್ರೆಯು ಹೇಳುವ ಮಾತೇ ಬೇರೆ.

ಟಾಕೋ ಎಂದರೇನು? ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು, ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಸುಟ್ಟ ರೊಟ್ಟಿಯನ್ನು ಆ ದೇಶದವರು ತೋರ್ತಿಯಾ ಎನ್ನುವರು. ಅದರಲ್ಲಿ ಬೆಂದ ಕಾಳನ್ನೋ ಮಾಂಸವನ್ನೋ ಇಟ್ಟು, ಮೆಣಸಿನಕಾಯಿಯ ಚಟ್ನಿ ಸವರಿ ಮಡಿಸಿದರೆ ಅದೇ ಟಾಕೋ. ರೊಟ್ಟಿ ಬಹು ಪುರಾತನವಾದುದು. ಟಾಕೋ ಎಂಬ ಹೆಸರು ಮಾತ್ರ ಈಚಿನದು. ಬೆಳ್ಳಿಯ ಗಣಿಗಳಲ್ಲಿ ಬಂಡೆಯೊಡೆಯಲು ಬಳಸುತ್ತಿದ್ದ, ಕಾಗದದಲ್ಲಿ ಸುತ್ತಿದ ಮದ್ದಿನ ಪೊಟ್ಟಣದಿಂದ ಈ ಹೆಸರು ಬಂದಿರಬೇಕೆಂದು ಜೆಫ್ರಿ ಪಿಲ್ಚರ್ ಎಂಬ ಇತಿಹಾಸಕಾರನ ಅಭಿಪ್ರಾಯ. ಹಾಗಾದರೆ ಇಂದು ಪಟ್ಟಣದಲ್ಲಿ ಮೆರೆಯುತ್ತಿರುವ ಈ ತಿನಿಸು ಮೊದಲಿಗೆ ಕೂಲಿಕಾರನ ಬುತ್ತಿಯೇ ಸರಿ.

ಇಲ್ಲಿ ಸುಣ್ಣದ ವಿಷಯವನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಆ ಸಂಸ್ಕಾರದಿಂದಲೇ ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕುವುದು. ಜೋಳವನ್ನು ತಮ್ಮ ಖಂಡಕ್ಕೆ ಒಯ್ದ ಯೂರೋಪಿನವರು ಧಾನ್ಯವನ್ನು ಕೊಂಡರು, ಅಡಿಗೆಯ ವಿದ್ಯೆಯನ್ನು ಬಿಟ್ಟರು. ಅದರ ಫಲವಾಗಿ 18ನೆಯ ಶತಮಾನದಿಂದ ಸ್ಪೇನು ಇಟಲಿಗಳಲ್ಲಿ ಜೋಳವನ್ನೇ ನೆಚ್ಚಿದ ಬಡ ರೈತರು ಪೆಲ್ಲಾಗ್ರ ಎಂಬ ಘೋರವಾದ ರೋಗಕ್ಕೆ ತುತ್ತಾದರು. ಮೆಕ್ಸಿಕೋವಿನ ನಿರಕ್ಷರ ಗೃಹಿಣಿಗೆ ಕೈವಶವಾಗಿದ್ದ ವಿದ್ಯೆಯ ಕಾರಣವನ್ನು ಶಾಸ್ತ್ರಜ್ಞರು ಅರಿತುದು 20ನೆಯ ಶತಮಾನದಲ್ಲಿ. ಬಡವರ ಊಟ ಅಗ್ಗವಾಗಿರುವುದು ಅದರಲ್ಲಿ ಸತ್ವವಿಲ್ಲವೆಂದಲ್ಲ. ಹಣದ ಸ್ಥಾನದಲ್ಲಿ ವಿದ್ಯೆ ನಿಂತಿದೆಯೆಂದು.

ನಮ್ಮ ರೊಟ್ಟಿಯ ವಂಶಾವಳಿಯೂ ಸಾಮಾನ್ಯವಾದುದಲ್ಲ. ರಾಗಿಯ ಮೂಲಸ್ಥಾನ ಪೂರ್ವ ಆಫ್ರಿಕದ ಎತ್ತರದ ನೆಲ, ಹುಚ್ಚೆಳ್ಳಿನದು ಇಥಿಯೋಪಿಯ, ಅಲಸಂದೆಯೂ ಆಫ್ರಿಕದಿಂದಲೇ ಬಂದುದು. ಇವು ಬಹು ಹಿಂದೆಯೇ ಬಂದು ನಮ್ಮವಾದವು. ಮೆಣಸಿನಕಾಯಿ ಮಾತ್ರ ಮೆಕ್ಸಿಕೋವಿನ ಕಡೆಯದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಂದುದು. ಚಾವುಂಡರಾಯನ ಲೋಕೋಪಕಾರದ ಕಾಲದಲ್ಲಿ, ಎಂದರೆ 11ನೆಯ ಶತಮಾನದಲ್ಲಿ, ಕನ್ನಡಿಗರ ಅಡಿಗೆಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಹೊಸ ಕಾಯಿ ಬಂದಾಗ ನಮ್ಮ ಜನರು ಅದನ್ನು ಮೆಣಸಿನ ಕಾಯಿಯೆಂದೇ ಕರೆದು ಮನೆಯೊಳಗೆ ಸೇರಿಸಿಕೊಂಡರು. ಅತ್ತ 1565ರಿಂದ 1815ರ ವರೆಗೆ ಮನಿಲಾ ಮೆಕ್ಸಿಕೋಗಳ ನಡುವೆ ಸಂಚರಿಸಿದ ಸ್ಪೇನಿನ ಹಡಗುಗಳ ಕಾಲದಲ್ಲಿ ಏಷ್ಯದ ತೆಂಗು ಆ ದೇಶದ ಪಶ್ಚಿಮ ಕರಾವಳಿಯನ್ನು ಸೇರಿತು. ಕೊಲಿಮಾ ಪ್ರಾಂತದಲ್ಲಿ ಅದು ನೆಲೆಯೂರಿತು. ಅವರ ಕಾಯಿ ನಮ್ಮ ಚಟ್ನಿಗೆ ಬಂದಿತು. ನಮ್ಮ ಕಡೆಯ ಕಾಯಿ ಅವರ ತೋಟಕ್ಕೆ ಹೋಯಿತು.

ನಮ್ಮ ಗೃಹಿಣಿಯರ ವಿದ್ಯೆಯಾದರೂ ಮೆಕ್ಸಿಕೋವಿನವರದಕ್ಕಿಂತ ಕಡಮೆಯೇ? ರಾಗಿಯ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿಯುವ ನೀರೆರೆದು ನಾದಿದರೆ ಮಾತ್ರ ಅದು ಒಡೆಯದೆ ತಟ್ಟಲು ಒದಗುವುದು. ನೆನೆಸಿ ಮೊಳಕೆ ಕಟ್ಟಿಸಿದರೆ ಅದರ ಸತ್ವ ಸುಲಭವಾಗಿ ಜೀರ್ಣವಾಗುವುದು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದ್ದು, ಮೆಕ್ಸಿಕೋವಿನವರು ಹೊರಗಿನಿಂದ ಬೆರಸುವುದನ್ನು ಪ್ರಕೃತಿಯೇ ಇದರಲ್ಲಿಟ್ಟಿದೆ. ತೆಂಗಿನ ವಿಷಯದಲ್ಲಿಯೂ ಹೀಗೆಯೇ. ಬಲಿತ ಕಾಯಿಗಳು ಅಟ್ಟವೇರಿ, ಹತ್ತು ಹನ್ನೊಂದು ತಿಂಗಳು ಒಣಗಿ, ಉಂಡೆಕೊಬ್ಬರಿಯಾಗಿ ತಿಪಟೂರಿನ ಪೇಟೆಗೆ ಹೋಗುವುವು. ಮನೆಗೆ ಉಳಿಸಿಕೊಂಡ ಒಂದು ಹೋಳನ್ನು ಹುರಿಗಡಲೆ, ಹಸಿಮೆಣಸಿನಕಾಯಿ, ಹುಣಿಸೆಗಳೊಡನೆ ಅರೆದು ಆರು ಜನರಿಗೆ ಸಾಲಿಸುವ ಕೈಯೇ ಆ ಮನೆಯ ಬೊಕ್ಕಸವನ್ನು ಕಾಯುವುದು.

ಈ ಧಾನ್ಯದ ಮಾನಾಪಮಾನಗಳ ವಿಚಾರ ಹೊಸದೇನೂ ಅಲ್ಲ. ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ವಾದವನ್ನು ಹೂಡಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದರು. ಕೆಡದೆ ಉಳಿದು ಗೆದ್ದುದು ರಾಗಿ. ಹಗೇವುಗಳಲ್ಲಿ ಬಹುಕಾಲ ಹುಳು ಹಿಡಿಯದೆ ಉಳಿಯುವ ಅದರ ಗುಣವನ್ನು ಬಲ್ಲವರಿಗೆ ಇದು ಬರಿಯ ಕವಿಕಲ್ಪನೆಯಲ್ಲ. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, 1876-78ರಲ್ಲಿ, ಮೈಸೂರು ಸಂಸ್ಥಾನವು ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಹಗೇವು ಬರಿದಾದ ಮನೆಯ ಗತಿ ಏನೆಂಬುದನ್ನು ಆ ತಲೆಮಾರು ಕಂಡಿತು. ಮುಂದೆ ಮಂಡ್ಯದ ವಿ. ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ, ಇಂಡಾಫ್ ಎಂಬ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಸಾವಿರಾರು ವರ್ಷಗಳ ಹಿಂದೆ ಅಗಲಿದ ಬಂಧುಗಳು ಹೀಗೆ ನಮ್ಮ ಹೊಲದಲ್ಲಿ ಸೇರಿದರು.

ಆದುದರಿಂದ ಮಕ್ಕಳು ಟಾಕೋ ಬೇಕೆಂದರೆ ಗದರಿಸಬೇಕಾದುದಿಲ್ಲ. ರಾಗಿರೊಟ್ಟಿಯನ್ನು ಅಂಗೈಯಗಲಕ್ಕೆ ತೆಳ್ಳಗೆ ತಟ್ಟಿ, ಮೆತ್ತಗಿರುವಾಗಲೇ ಕಾವಲಿಯಿಂದ ತೆಗೆದು, ಬೆಂದ ಅಲಸಂದೆ, ಹೆಚ್ಚಿದ ಈರುಳ್ಳಿ, ಕಾಯಿಚಟ್ನಿಗಳನ್ನಿಟ್ಟು ಮಡಿಸಿ ಕೊಡಬಹುದು. ಹೊರಗಿನಿಂದ ಬಂದುದನ್ನು ಸ್ವೀಕರಿಸಿ ತನ್ನದಾಗಿಸಿಕೊಳ್ಳುವುದು ಈ ಅಡಿಗೆಮನೆಯ ಹಳೆಯ ರೂಢಿ. ಭಯಪಡಬೇಕಾದುದು ಬೇರೊಂದಕ್ಕೆ. ಹಿಟ್ಟು ಅಂಗಡಿಯಲ್ಲಿ ಎಂದಿಗೂ ದೊರೆಯುವುದು. ತಟ್ಟುವ ಕೈ ದೊರೆಯದು. ಯೂರೋಪಿನವರು ಪರರ ವಿದ್ಯೆಯನ್ನು ಬಿಟ್ಟು ಕೆಟ್ಟರು. ನಾವು ನಮ್ಮ ವಿದ್ಯೆಯನ್ನೇ ಸಂಕೋಚದಿಂದ ಬಿಟ್ಟರೆ ಆ ನಷ್ಟವನ್ನು ತುಂಬಿಕೊಡುವವರಾರು? ಇನ್ನು ಮುಂದೆ ಅತಿಥಿಗಳು ಬಂದ ದಿನವೂ ರಾಗಿರೊಟ್ಟಿಯನ್ನೇ ಬಡಿಸೋಣ. ತಟ್ಟುವಾಗ ಮಗಳನ್ನೂ ಮಗನನ್ನೂ ಒಲೆಯ ಬಳಿಗೆ ಕರೆಯೋಣ.