ಆನವಟ್ಟಿ ಸೀಮೆಯ ಮರಗೆಲಸವೂ ಮೂಲೆ ಕೊಯ್ಯುವ ಗರಗಸವೂ

ಮಲೆನಾಡಿನ ದಟ್ಟವಾದ ಕಾನುಗಳು ವಿರಳವಾಗುತ್ತ ಬಯಲುಸೀಮೆಯ ಹೊಲಗಳೊಡನೆ ಬೆರೆಯುವ ಅಂಚಿನಲ್ಲಿ, ಶಿರಾಳಕೊಪ್ಪದಿಂದ ಹಾನಗಲ್ಲಿಗೆ ಸಾಗುವ ಮಾರ್ಗದ ಮೇಲೆ, ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಆನವಟ್ಟಿಯಿದೆ. 1956ರಲ್ಲಿ ಕನ್ನಡನಾಡು ಒಂದಾಗುವವರೆಗೆ ಇದು ಮೈಸೂರಿನ ಗಡಿಯೂರಾಗಿತ್ತು. ಉತ್ತರಕ್ಕೆ ಕೆಲವು ಹರದಾರಿ ನಡೆದರೆ ಸಿಕ್ಕುವ ಹಾನಗಲ್ಲು ಸೀಮೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೂ, ಪಶ್ಚಿಮದ ಬನವಾಸಿಯು 1862ರಿಂದ ಅದೇ ಆಧಿಪತ್ಯಕ್ಕೊಳಪಟ್ಟ ಉತ್ತರ ಕನ್ನಡಕ್ಕೂ ಸಲ್ಲುತ್ತಿದ್ದವು. ಇಂಥ ಸಂಧಿಸ್ಥಾನದ ಹಳೆಯ ಮನೆಗಳು ಈಗ ಒಂದೊಂದಾಗಿ ದುರಸ್ತಿಗೊಳ್ಳುತ್ತಿವೆ. ಗೃಹಸ್ಥನೇ ಅಳತೆಯ ಟೇಪನ್ನು ಕೈಯಲ್ಲಿ ಹಿಡಿದು, ತನಗೆ ನಿಲುಕುವ ಬೆಲೆಯ ಸ್ಲೈಡಿಂಗ್ ಮೈಟರ್ ಗರಗಸ, ಅಂದರೆ ಹಿಂದೆ ಮುಂದೆ ಸರಿಯುತ್ತ ಓರೆ ಕೊಯ್ಯುವ ವಿದ್ಯುತ್ ಗರಗಸ, ಯಾವುದೆಂದು ವಿಚಾರಿಸುವ ಕಾಲ ಬಂದಿದೆ. ಈ ಪ್ರಶ್ನೆ ಅಂಗಡಿಗೆ ಮಾತ್ರ ಸಂಬಂಧಿಸಿದ್ದೆಂದು ಮೇಲುನೋಟಕ್ಕೆ ತೋರಿದರೂ ಅದರ ಅರ್ಧ ಉತ್ತರ ಈ ಸೀಮೆಯ ಮರಗೆಲಸದ ಚರಿತ್ರೆಯಲ್ಲಿಯೇ ಅಡಗಿದೆಯೆಂದು ನನ್ನ ನಂಬಿಕೆ.

ಯಂತ್ರವೆಂಬುದು ಈ ನೆಲಕ್ಕೆ ನಿನ್ನೆಮೊನ್ನೆ ಬಂದ ಅತಿಥಿಯೆಂದು ಭಾವಿಸುವವರು ಸಮೀಪದ ಕುಬಟೂರಿಗೆ ಹೋಗಿ, ಕ್ರಿ. ಶ. 1100ರ ಸುಮಾರಿನಲ್ಲಿ, ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ ನಿರ್ಮಿತವಾದ ಕೈಟಭೇಶ್ವರ ದೇವಾಲಯದ ಮಂಟಪದಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಲ್ಲಿನ ಕಂಬಗಳು ಕೈಯಿಂದ ಕೆತ್ತಿದುವಲ್ಲ, ಕಡೆದುವು. ಬಳಪದ ಕಲ್ಲನ್ನು ತಿರುಗಣಿಯಲ್ಲಿ ತಿರುಗಿಸುತ್ತ ಉಳಿಯನ್ನು ಒಂದೇ ನೆಲೆಯಲ್ಲಿ ಹಿಡಿದದ್ದರಿಂದಲೇ ಅವುಗಳ ಮೈಯ ಸುತ್ತುಗೆರೆಗಳು ಇಂದಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ನಿಂತಿವೆ. ಬೇಲೂರಿನ ದೇವಾಲಯದಲ್ಲಿ ದುಡಿದ ದಾಸೋಜನೂ ಅವನ ಮಗ ಚಾವಣನೂ ಇದೇ ಸೀಮೆಯ ಬಳ್ಳಿಗಾವೆಯವರೆಂಬುದನ್ನು ನೆನೆದರೆ, ಕೈ ತಪ್ಪಬಹುದಾದ ಚಲನೆಯೊಂದನ್ನು ಯಂತ್ರಕ್ಕೆ ವಹಿಸಿ ಉಳಿದುದನ್ನು ಕೈಯಲ್ಲಿಯೇ ಇಟ್ಟುಕೊಳ್ಳುವ ವಿವೇಕ ಇಲ್ಲಿನ ಶಿಲ್ಪಿಗಳಿಗೆ ಒಂಬೈನೂರು ವರ್ಷಗಳ ಹಿಂದೆಯೇ ಇತ್ತೆಂದು ಒಪ್ಪಬೇಕಾಗುತ್ತದೆ. ತಿರುಗಣಿ ವೃತ್ತದ ಹೊಣೆ ಹೊತ್ತಂತೆ ಇಂದಿನ ಮೈಟರ್ ಗರಗಸ ಕೋನದ ಹೊಣೆ ಹೊರುತ್ತದೆ. ಆ ಹೊಣೆಯನ್ನು ಅದು ಎಷ್ಟು ಪ್ರಾಮಾಣಿಕವಾಗಿ ಹೊರುತ್ತದೆಂಬುದೇ ಅದರ ಯೋಗ್ಯತೆಯ ಅಳತೆ, ಮೋಟಾರಿನ ಆರ್ಭಟವಲ್ಲ.

ಮರದ ವಿಷಯದಲ್ಲಿ ಈ ಸೀಮೆ ಬಡತನವನ್ನು ಕಂಡದ್ದಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದಾಗ ಅಲ್ಲಿ 171 ಕಾನುಗಳು ಲೆಕ್ಕಕ್ಕೆ ಸಿಕ್ಕಿದ್ದವು. ಮೆಣಸು ಹಬ್ಬಿದ, ದೇವರ ಹೆಸರಿನಲ್ಲಿ ಕೊಡಲಿಯಿಂದ ಉಳಿದಿದ್ದ ನಿತ್ಯಹಸುರಿನ ತೋಪುಗಳವು. ಮನೆಗೆ ಬೇಕಾದ ಮತ್ತಿ, ಹೊನ್ನೆ, ನಂದಿ, ಹಲಸುಗಳು ಹೊರಗಿನ ಕಾಡಿನಿಂದಲೂ ಹಿತ್ತಲಿನಿಂದಲೂ ಬರುತ್ತಿದ್ದವು. ಗಂಧವೊಂದು ಮಾತ್ರ ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ರಾಜವೃಕ್ಷವೆನಿಸಿ, 2001ರ ಕಾನೂನು ತಿದ್ದುಪಡಿಯವರೆಗೂ ಯಾರ ಹಿತ್ತಲಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿಯೇ ಉಳಿಯಿತು.

ಕಡಿದ ದಿಮ್ಮಿಯನ್ನು ಹಲಗೆ ಮಾಡುವುದು ಹಿಂದೆ ಇಬ್ಬರ ಕೆಲಸವಾಗಿತ್ತು. ದಿಮ್ಮಿಯನ್ನು ಗುಂಡಿಯ ಮೇಲಾಗಲಿ ಎತ್ತರದ ಕವಲುಗಾಲುಗಳ ಮೇಲಾಗಲಿ ಏರಿಸಿ, ಇದ್ದಿಲು ಹಚ್ಚಿದ ನೂಲನ್ನು ಬಿಗಿಹಿಡಿದು ಮಿಡಿದು ಗೆರೆ ಮೂಡಿಸಿ, ಒಬ್ಬನು ಮೇಲೆ ನಿಂತು ಗೆರೆಯನ್ನು ಕಾಯುತ್ತ, ಇನ್ನೊಬ್ಬನು ಕೆಳಗೆ ಕಣ್ಣಿಗೆ ಬೀಳುವ ಹೊಟ್ಟನ್ನು ಸಹಿಸುತ್ತ, ಬೆಳಗಿನಿಂದ ಬೈಗಿನವರೆಗೆ ಉದ್ದ ಗರಗಸವನ್ನು ಎಳೆಯುತ್ತಿದ್ದರು. ಬಡಗಿಯ ಕೈಗರಗಸದ ರೀತಿ ಬೇರೆ. ಅವನು ನೆಲದ ಮೇಲೆ ಕುಳಿತು, ಮರವನ್ನು ಪಾದದಿಂದ ಒತ್ತಿಹಿಡಿದು, ಗರಗಸವನ್ನು ತನ್ನತ್ತ ಎಳೆಯುವಾಗ ಅದು ಕೊಯ್ಯುವಂತೆ ಹಲ್ಲುಗಳನ್ನು ಅರದಿಂದ ಮಸೆದಿರುತ್ತಿದ್ದನು. ಪಾಶ್ಚಾತ್ಯರ ಗರಗಸ ನೂಕುವಾಗ ಕೊಯ್ಯುವಂಥದು. ಈ ಭೇದ ಇಂದು ಕ್ಷುಲ್ಲಕವೆಂದು ತೋರಬಹುದು, ಆದರೆ ಸರಿಯುವ ಯಂತ್ರದ ಮುಂದೆ ನಿಂತಾಗ ಅದಕ್ಕೆ ಪ್ರಾಣದ ಬೆಲೆಯುಂಟು.

ಇನ್ನು ಮೂಲೆಯ ಮಾತು. ಈ ಸೀಮೆಯ ಹಳೆಯ ಮನೆಯ ಹೆಬ್ಬಾಗಿಲನ್ನು ನಿಧಾನವಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು: ಚೌಕಟ್ಟಿನ ನಿಲುಗಂಬವೂ ಮೇಲಿನ ಅಡ್ಡಪಟ್ಟಿಯೂ 45 ಡಿಗ್ರಿಯ ಓರೆಯಲ್ಲಿ ಒಂದಕ್ಕೊಂದು ತಲೆ ಹಚ್ಚಿಕೊಂಡಿರುವುದಿಲ್ಲ, ಒಂದರ ಚಾಚು ಇನ್ನೊಂದರ ತೂತಿನೊಳಗೆ ಹೊಕ್ಕು, ಅಡ್ಡಲಾಗಿ ಬಡಿದ ಮರದ ಗೂಟದಿಂದ ಬಿಗಿಗೊಂಡಿರುತ್ತದೆ. ಬಡಗಿಗೆ ಓರೆ ಕೊಯ್ಯಲು ಬಾರದೆ ಹಾಗೆ ಮಾಡಿದನೆಂದು ತಿಳಿಯುವುದು ಅವಿಚಾರ. ಮರ ಉದ್ದಕ್ಕೆ ಬಹುಮಟ್ಟಿಗೆ ಬದಲಾಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಓರೆಮೂಲೆಯಲ್ಲಿ ಕೂಡಿಸಿದ ಅಗಲವಾದ ಪಟ್ಟಿಗಳು ಚೈತ್ರ ವೈಶಾಖಗಳ ಬಿಸಿಲಿಗೆ ಕುಗ್ಗಿದಾಗ ಒಳಮೂಲೆ ಬಾಯಿ ಬಿಡುತ್ತದೆ, ಆಷಾಢದ ಜಡಿಮಳೆಗೆ ಹಿಗ್ಗಿದಾಗ ಹೊರಮೂಲೆ ಬಾಯಿ ಬಿಡುತ್ತದೆ. ವರ್ಷದ ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಇಂಥ ಸಂದು ಬಾಳದೆಂಬುದು ತಲೆಮಾರುಗಳ ಅನುಭವ. ಆದುದರಿಂದಲೇ ಓರೆಮೂಲೆಗೆ ತಕ್ಕ ಸ್ಥಾನ ಕಿರಿದಾದ, ತೆಳುವಾದ ಪಟ್ಟಿಗಳಲ್ಲಿ: ಚಿತ್ರದ ಚೌಕಟ್ಟು, ಗಾಜಿನ ಸುತ್ತಲ ಬೀಡಿಂಗು, ಅಲಂಕಾರದ ಅಂಚು. ಈ ಒಂದು ಮಾತನ್ನು ತಿಳಿಯದೆ ಯಂತ್ರ ಕೊಂಡವನು ತನ್ನ ಬಾಗಿಲಿಗೆ ತಾನೇ ಅಪಕಾರ ಮಾಡಿಕೊಂಡಾನು.

ಸೊರಬ ಸಾಗರಗಳ ಗುಡಿಗಾರರನ್ನು ಈ ಪ್ರಸಂಗದಲ್ಲಿ ನೆನೆಯದಿರಲಾಗದು. ಪೋರ್ಚುಗೀಸರ ಕಾಟಕ್ಕೆ ಗೋವೆಯಿಂದ ಹೊರಟು ಬಂದವರೆಂದು ಪ್ರತೀತಿಯಿರುವ ಈ ಜನರ ಗಂಧದ ಕೆತ್ತನೆಯನ್ನು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಕೂಡ ಪ್ರಶಂಸಿಸಿದೆ. ಮದುವೆಯ ಬಾಸಿಂಗವನ್ನು ಬೆಂಡಿನಲ್ಲಿ ಕೊರೆಯುವ ಕೈಯೇ ಗಂಧದ ಪೆಟ್ಟಿಗೆಯ ಮೇಲೆ ಲತೆಯನ್ನೂ ಮೃಗಪಕ್ಷಿಗಳನ್ನೂ ಮೂಡಿಸುತ್ತಿತ್ತು. ಅವರ ಗರಗಸ ತೆಳುವಾದುದು. ಏಕೆಂದರೆ ಗಂಧದ ಹೊಟ್ಟಿಗೂ ಬೆಲೆಯಿದ್ದರೂ ಹೊಟ್ಟಾಗಿ ಹೋದ ಮರ ಪೆಟ್ಟಿಗೆಯಾಗದು. 1916ರಲ್ಲಿ ಮೈಸೂರಿನಲ್ಲೂ 1944ರಲ್ಲಿ ಶಿವಮೊಗ್ಗೆಯಲ್ಲೂ ಗಂಧದೆಣ್ಣೆಯ ಕಾರ್ಖಾನೆಗಳು ಬಂದಮೇಲೆ ಮರದ ಬಹುಭಾಗ ಕೆತ್ತನೆಗೆ ಹೋಗದೆ ಭಟ್ಟಿಗೆ ಹೋಯಿತು.

ಸಾಮಾನ್ಯ ಬಡಗಿಯ ಕೆಲಸವನ್ನು ನಿಜವಾಗಿ ಬದಲಾಯಿಸಿದ್ದು ಒಂದು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಆರಂಭಿಸಿದ ಕಾರ್ಖಾನೆಯ ಹೆಂಚು ಘಟ್ಟವನ್ನೇರಿ ಮಲೆನಾಡನ್ನು ಮುಟ್ಟುವವರೆಗೆ ಇಲ್ಲಿನ ಮಾಡುಗಳಿಗೆ ಹುಲ್ಲೋ ಕುಂಬಾರನ ನಾಡಹೆಂಚೋ ಹೊದಿಕೆಯಾಗಿದ್ದಿತು. ಅವಕ್ಕೆ ಸೊಟ್ಟ ಗಳುವಾದರೂ ನಡೆಯುತ್ತಿತ್ತು. ಅಚ್ಚಿನಲ್ಲಿ ಒತ್ತಿದ ಮಂಗಳೂರು ಹೆಂಚಾದರೋ ಒಂದರ ಕಚ್ಚಿನಲ್ಲಿ ಇನ್ನೊಂದು ಕೂರುವಂಥದು, ರೀಪಿನಿಂದ ರೀಪಿಗೆ ಅಂತರ ಒಂದೇ ಆಗಿರಬೇಕೆಂದು ಹಟ ಹಿಡಿಯುವಂಥದು. ಹೀಗೆ ನೂರಾರು ರೀಪುಗಳನ್ನು ಒಂದೇ ಅಳತೆಗೆ, ನೇರ ತುದಿಗೆ ಕೊಯ್ಯುವ ಕೆಲಸ ಹುಟ್ಟಿತು. ನಾಲ್ಕು ಕಡೆಗೂ ಇಳಿಯುವ ಮಾಡಿನಲ್ಲಿ ಮೂಲೆಯ ತೊಲೆಗೆ ಬಂದು ತಾಗುವ ಗಿಡ್ಡ ಪಕಾಸಿಗಳಿಗಂತೂ ಇಳಿಜಾರಿಗೆ ಒಂದು ಓರೆ, ಮೂಲೆಗೆ ಇನ್ನೊಂದು ಓರೆ, ಹೀಗೆ ಒಂದೇ ತುದಿಯಲ್ಲಿ ಎರಡು ಓರೆಗಳು ಬೇಕು. ಒಳ್ಳೆಯ ಆಚಾರಿ ಇದನ್ನು ನೆಲದ ಮೇಲೆ ಬರೆದ ಗೆರೆಯಿಂದಲೂ ಮೂಲೆಮಟ್ಟದಿಂದಲೂ ಸಾಧಿಸುತ್ತಿದ್ದನು. ಸಾಧಾರಣ ಆಚಾರಿ ಸಂದಿಗೆ ಚಕ್ಕೆ ತುರುಕುತ್ತಿದ್ದನು.

1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ ನಂತರದ ದಶಕಗಳಲ್ಲಿ ಈ ಸೀಮೆಗೂ ತಂತಿ ಬಂತು, ತಂತಿಯ ಹಿಂದೆ ಸಾಮಿಲ್ಲು ಬಂತು, ಎರಡಾಳಿನ ಗರಗಸ ಅಟ್ಟ ಸೇರಿತು. ಹೊರಲೋಕದಲ್ಲಿ ಈ ಕಥೆ ಬಹಳ ಹಿಂದೆಯೇ ಮೊದಲಾಗಿದ್ದಿತು. ಚಕ್ರದಂತೆ ತಿರುಗುವ ಗರಗಸಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿಯೇ ಪೇಟೆಂಟು ಪಡೆದಿದ್ದನು. ಅಮೆರಿಕದ ರೇಮಂಡ್ ಡಿವಾಲ್ಟ್ 1922ರ ಸುಮಾರಿನಲ್ಲಿ ಆ ಗರಗಸವನ್ನು ಒಂದು ತೋಳಿಗೆ ತೂಗುಹಾಕಿ ಹಲಗೆಯ ಅಡ್ಡಲಾಗಿ ಸರಿದಾಡುವಂತೆ ಮಾಡಿದನು. 1960ರ ದಶಕದಲ್ಲಿ ಅದೇ ದೇಶದ ರಾಕ್‌ವೆಲ್ ಕಂಪನಿ ಮೇಲಿನಿಂದ ಕೆಳಗಿಳಿಸಿ ಓರೆ ಕೊಯ್ಯುವ ವಿದ್ಯುತ್ ಮೈಟರ್ ಗರಗಸವನ್ನು ಮಾರುಕಟ್ಟೆಗೆ ತಂದಿತು. ಇಳಿಯುವುದನ್ನೂ ಸರಿಯುವುದನ್ನೂ ಬಾಗುವುದನ್ನೂ ಒಂದುಗೂಡಿಸಿ, ಒಬ್ಬನು ಹೊತ್ತೊಯ್ಯಬಹುದಾದ ಗಾತ್ರಕ್ಕೆ ಇಳಿಸಿದ ಕೀರ್ತಿ ಬಹುಪಾಲು ಜಪಾನಿನ ಕಂಪನಿಗಳದು.

ಈಗ ಕೊಳ್ಳುವವನ ಪ್ರಶ್ನೆಗೆ ಬರೋಣ. ಸರಿಯದ ಯಂತ್ರಕ್ಕೆ 10 ಇಂಚಿನ ಬ್ಲೇಡಿದ್ದರೂ ಐದೂವರೆ ಇಂಚಿಗಿಂತ ಅಗಲವಾದ ಹಲಗೆಯನ್ನು ಒಂದೇ ಸಲಕ್ಕೆ ಕೊಯ್ಯುವುದು ಕಷ್ಟ. ಸರಿಯುವ ಯಂತ್ರ ಎಂಟೂವರೆ ಇಂಚಿನ ಬ್ಲೇಡಿನಿಂದಲೇ ಸುಮಾರು 300 ಮಿಲಿಮೀಟರ್ ಅಗಲವನ್ನು ದಾಟುತ್ತದೆ. ಬೆಲೆ ಏರುವುದು ಈ ಅಗಲಕ್ಕಾಗಿ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ ಅಳತೆ ನೇರ ಕೊಯ್ತದ್ದು. ಎರಡು ಓರೆಗಳನ್ನೂ ಕೂಡಿಸಿದಾಗ ಕೊಯ್ಯಬಹುದಾದ ದಪ್ಪ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆ ಅಳತೆ ಸಣ್ಣಕ್ಷರದಲ್ಲಿರುತ್ತದೆ. ಎರಡಿಂಚು ದಪ್ಪದ ಪಕಾಸಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಮೊದಲು ಓದಬೇಕಾದ್ದು ಅದನ್ನೇ.

ಅಗ್ಗದ ಯಂತ್ರ ಸೋಲುವುದು ಶಕ್ತಿಯಲ್ಲಲ್ಲ, ಬಿಗಿತದಲ್ಲಿ. ಬ್ಲೇಡೂ ಮೋಟಾರೂ ಇರುವ ತಲೆಯನ್ನು ಸರಳುಗಳ ಮೇಲೆ ಪೂರ್ತಿ ಮುಂದಕ್ಕೆ ಎಳೆದು ಹಿಡಿಕೆಯನ್ನು ಪಕ್ಕಕ್ಕೆ ಅಲುಗಿಸಿದರೆ ಬ್ಲೇಡೂ ಅಲುಗುವ ಯಂತ್ರವನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು. ಚೌಕಟ್ಟೊಂದಕ್ಕೆ ಎಂಟು ಕೊಯ್ತಗಳು. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ತೆರೆಯುತ್ತದೆ. ಪರೀಕ್ಷೆ ಸುಲಭ: ಅಂಚುಗಳು ಸಮಾನಾಂತರವಾಗಿರುವ ಹಲಗೆಯೊಂದನ್ನು ನೇರವಾಗಿ ಕೊಯ್ದು, ಒಂದು ತುಂಡನ್ನು ಮಗುಚಿ, ಎರಡರ ಅಂಚನ್ನೂ ಒಂದೇ ಸರಳಗೋಲಿಗೆ ಒತ್ತಿ ತುದಿಗಳನ್ನು ಕೂಡಿಸಬೇಕು, ಅಲ್ಲಿ ಕಾಣುವ ಸಂದು ಯಂತ್ರದ ದೋಷದ ಇಮ್ಮಡಿ. ಕೋನದ ಪಟ್ಟಿಯನ್ನು ತಿದ್ದಲು ತಿರುಪುಗಳಿದ್ದರೆ ಅದನ್ನು ಸರಿಪಡಿಸಬಹುದು, ಇಲ್ಲದಿದ್ದರೆ ಅದು ಜನ್ಮದೋಷ.

ಸ್ಥಳಕ್ಕೆ ತಕ್ಕ ಎಚ್ಚರಿಕೆಗಳೂ ಕೆಲವುಂಟು. ಹಳೆಯ ಮನೆಯಿಂದ ಬಿಚ್ಚಿದ ಮರದೊಳಗೆ ತಲೆ ಮುರಿದ ಮೊಳೆಗಳು ಅಡಗಿರುತ್ತವೆ. ಒಂದು ಮೊಳೆ ಸಾಕು, ಬ್ಲೇಡಿನ ಕಾರ್ಬೈಡ್ ಹಲ್ಲು ಹಾರಿಹೋಗುತ್ತದೆ. ತೇಗದ ಮೈಯಲ್ಲಿರುವ ಸಿಲಿಕ ಮೊಳೆಯಿಲ್ಲದೆಯೂ ಹಲ್ಲನ್ನು ಸವೆಸುತ್ತದೆ. ಆದುದರಿಂದ ಯಂತ್ರದ ಬೆಲೆಯೊಡನೆ 60 ಹಲ್ಲಿನ ಒಳ್ಳೆಯ ಬ್ಲೇಡೊಂದರ ಬೆಲೆಯನ್ನೂ ಮೊದಲೇ ಕೂಡಿಸಿಕೊಳ್ಳಬೇಕು. 1800 ವಾಟಿನ ಮೋಟಾರು ಸುಮಾರು 8 ಆಂಪಿಯರ್ ಎಳೆಯುವುದರಿಂದ ದೀಪದ ಪ್ಲಗ್ಗಿಗೆ ಅದನ್ನು ಸಿಕ್ಕಿಸಲಾಗದು. ಕಾರ್ಬನ್ ಬ್ರಷ್ಷು ಶಿವಮೊಗ್ಗೆಯಲ್ಲೋ ಹುಬ್ಬಳ್ಳಿಯಲ್ಲೋ ದೊರೆಯುವುದೇ ಎಂದು ವಿಚಾರಿಸದೆ ಯಾವ ಹೆಸರಿನ ಯಂತ್ರವನ್ನೂ ಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಳೆದು ಕೊಯ್ಯುವ ನಮ್ಮ ಹಳೆಯ ಅಭ್ಯಾಸವನ್ನು ಇಲ್ಲಿ ಮರೆಯಬೇಕು: ತಲೆಯನ್ನು ಮೊದಲು ಮುಂದಕ್ಕೆ ತಂದು, ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ನೂಕುತ್ತ ಕೊಯ್ಯಬೇಕು. ಎಳೆಯುತ್ತ ಕೊಯ್ದರೆ ಬ್ಲೇಡು ಮರವನ್ನೇರಿ ಮೈಮೇಲೆ ಬರುತ್ತದೆ.

ಹಾಗಾದರೆ ಕೊಳ್ಳಬೇಕಾದ್ದು ಯಾವುದು? ರೀಪು, ಬೀಡಿಂಗು, ಗೋಡೆಯ ಪಟ್ಟಿ ಇಷ್ಟೇ ಕೆಲಸವುಳ್ಳವರಿಗೆ ಸರಿಯದ 10 ಇಂಚಿನ ಯಂತ್ರವೇ ಸಾಕು, ಉಳಿದ ಹಣ ಒಳ್ಳೆಯ ಬ್ಲೇಡಿಗೆ ಸಲ್ಲಲಿ. ಅಟ್ಟಕ್ಕೂ ಗೂಡಿಗೂ ಒಂದಡಿ ಅಗಲದ ಹಲಗೆ ಕೊಯ್ಯಬೇಕಾದವರಿಗೆ ಎಂಟೂವರೆ ಇಂಚಿನ ಸರಿಯುವ ಗರಗಸ ತಕ್ಕದ್ದು. ಪಕಾಸಿಯ ಓರೆಗಳೂ ಇದ್ದವರು 10 ಇಂಚಿನ ಸರಿಯುವುದನ್ನು ಆರಿಸಿಕೊಳ್ಳಲಿ. ಬಾಗಿಲ ಚೌಕಟ್ಟನ್ನೇ ಹೊಸದಾಗಿ ಮಾಡಿಸಬೇಕೆಂದಿರುವವರು ಈ ಯಂತ್ರಗಳಾವುದನ್ನೂ ಕೊಳ್ಳದೆ, ಆ ಹಣವನ್ನು ಚಾಚು ತೂತುಗಳ ಕೆಲಸ ಬಲ್ಲ ಆಚಾರಿಯೊಬ್ಬರಿಗೆ ಕೊಡುವುದೇ ಸರಿ.