ಕಡತಗಳನ್ನೂ ಹೂತರು

 

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಕ್ರೌನ್ಸ್‌ವಿಲ್ ಅಂತ ಒಂದು ಜಾಗ. 1910ರಲ್ಲಿ ಅಲ್ಲಿನ ಶಾಸನಸಭೆ ಕಪ್ಪು ಜನರಿಗೆ ಅಂತಲೇ ಪ್ರತ್ಯೇಕ ಹುಚ್ಚಾಸ್ಪತ್ರೆ ತೆರೆಯೋಕೆ ಕಾನೂನು ಮಾಡಿತು. 'ಮೇರಿಲ್ಯಾಂಡಿನ ನೀಗ್ರೋ ಹುಚ್ಚರ ಆಸ್ಪತ್ರೆ' ಅನ್ನೋದೇ ಅದರ ಹೆಸರು. ಕೇರಿ ಅನ್ನೋದು ಊರಿಗೆ ಮಾತ್ರ ಅಲ್ಲ, ಕಾಯಿಲೆಗೂ ಇರುತ್ತೆ ನೋಡಿ.

1911ರ ಮಾರ್ಚಿನಲ್ಲಿ ಮೊದಲ 12 ರೋಗಿಗಳನ್ನು ಕರೆತಂದರು. ಆಗಿನ್ನೂ ಆಸ್ಪತ್ರೆ ಎದ್ದೇ ಇರಲಿಲ್ಲ. ಕಾಡು ಕಡಿದು, ನೆಲ ಹಸನು ಮಾಡಿ, ಕಟ್ಟಡ ಎಬ್ಬಿಸೋಕೆ ದುಡಿದವರು ಆ ರೋಗಿಗಳೇ. ಹೊಲದ ಕೆಲಸ, ಬುಟ್ಟಿ ಹೆಣೆಯೋದು ಎಲ್ಲ ಅವರದ್ದೇ. ನಾವು ಅದನ್ನ ಬಿಟ್ಟಿಚಾಕರಿ ಅಂತೀವಿ. ಅವರು ಚಿಕಿತ್ಸೆ ಅಂದರು.

ಕಪ್ಪು ಜನರ ಹುಚ್ಚಿನ ಬಗ್ಗೆ ಸರ್ಕಾರಿ ಕಾಗದ ಸುಳ್ಳು ಹೇಳಿದ್ದು ಅದಕ್ಕೂ ಹಳೇ ಕಥೆ. 1840ರ ಜನಗಣತಿ ಏನು ಹೇಳಿತು ಗೊತ್ತಾ? ದಕ್ಷಿಣದ ಗುಲಾಮರಿಗಿಂತ ಉತ್ತರದ ಸ್ವತಂತ್ರ ಕಪ್ಪು ಜನರಲ್ಲೇ ಹುಚ್ಚು ಹಲವು ಪಟ್ಟು ಜಾಸ್ತಿ ಅಂತ! ಡಾಕ್ಟರ್ ಎಡ್ವರ್ಡ್ ಜಾರ್ವಿಸ್ ಲೆಕ್ಕ ತೆಗೆದು ನೋಡಿದರೆ, ಒಬ್ಬನೇ ಒಬ್ಬ ಕಪ್ಪು ಮನುಷ್ಯ ಇಲ್ಲದ ಊರುಗಳಲ್ಲೂ 'ಕಪ್ಪು ಹುಚ್ಚರು' ದಾಖಲಾಗಿದ್ದರು. ಆದರೂ 1844ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ಯಾಲ್ಹೂನ್ ಅದೇ ಅಂಕಿ ಹಿಡಿದು ಗುಲಾಮಗಿರಿಯನ್ನ ಸಮರ್ಥಿಸಿದ. ಬರೆಯೋ ಕೈ ಯಾರದು ಅನ್ನೋದರ ಮೇಲೆ ದಾಖಲೆ ನಿಂತಿರುತ್ತೆ.

1955ರ ಹೊತ್ತಿಗೆ ಕ್ರೌನ್ಸ್‌ವಿಲ್‌ನಲ್ಲಿ 2,700ರಷ್ಟು ಜನ ತುಂಬಿದ್ದರು. ಅದೇ ವರ್ಷ ಅಲ್ಲಿ ಸತ್ತ 15 ವರ್ಷದ ಹುಡುಗಿ ಎಲ್ಸಿ ಲ್ಯಾಕ್ಸ್. ಅವಳ ತಾಯಿ ಹೆನ್ರಿಯೆಟ್ಟಾ ಲ್ಯಾಕ್ಸ್ ಹೆಸರು ನೀವು ಕೇಳಿರ್ತೀರಿ. 1951ರಲ್ಲಿ ಹೇಳದೆ ಕೇಳದೆ ಆಕೆಯ ಜೀವಕೋಶ ತೆಗೆದುಕೊಂಡು ಇಡೀ ಲೋಕದ ಪ್ರಯೋಗಾಲಯಗಳು ಬೆಳೆದವು. ಆ ಕೋಶಗಳನ್ನ ಇವತ್ತಿಗೂ ಜೋಪಾನ ಮಾಡ್ತಾರೆ. ಮಗಳ ಕಡತ ಏನಾಯ್ತು?

1955 ಮತ್ತು ಅದರ ಹಿಂದಿನ ಬಹುಪಾಲು ಕಡತಗಳಿಗೆ ಆಸ್ಬೆಸ್ಟಾಸ್ ದೂಳು ಹಿಡಿದಿತ್ತು. ಒಂದೊಂದೇ ಹಾಳೆ ಒರೆಸಿ ಉಳಿಸೋ ಬದಲು ಚೀಲಕ್ಕೆ ತುಂಬಿ ಹೂತುಬಿಟ್ಟರು. ಎಲ್ಸಿಯ ಕಡತವೂ ಹಾಗೇ ಹೋಯ್ತು. ಆದರೆ ಒಬ್ಬ ನೌಕರ ಎತ್ತಿಟ್ಟಿದ್ದ ಹಳೇ ಪುಸ್ತಕಗಳಲ್ಲಿ ಅವಳ ಮರಣೋತ್ತರ ಪರೀಕ್ಷೆಯ ವರದಿ ಸಿಕ್ಕಿತು, ಜೊತೆಗೊಂದು ಫೋಟೋ. ಅಕ್ಕ ಎಲ್ಲಿ ಹೋದಳು ಅಂತ ಹುಡುಕಿ ಬಂದ ತಂಗಿ ಡೆಬೊರಾಗೆ ಸಿಕ್ಕಿದ್ದು ಅಷ್ಟೇ. ರೆಬೆಕಾ ಸ್ಕ್ಲೂಟ್ ತಮ್ಮ ಪುಸ್ತಕದಲ್ಲಿ ಇದನ್ನ ಬರೆದಿದ್ದಾರೆ. ಆ ಪುಟಗಳನ್ನ ಓದಿ ಮುಂದಕ್ಕೆ ಹೋಗೋಕೆ ನನಗೆ ಆಗಲಿಲ್ಲ.

2004ರಲ್ಲಿ ಆಸ್ಪತ್ರೆ ಮುಚ್ಚಿತು. ಸ್ಮಶಾನ ಉಳಿಯಿತು. ಅಲ್ಲಿರೋದು 1,700ಕ್ಕೂ ಹೆಚ್ಚು ಜನ. ಕಲ್ಲುಗಳ ಮೇಲೆ ಹೆಚ್ಚಿನವರ ಹೆಸರಿಲ್ಲ, ಬರೀ ನಂಬರು. ಜಾನಿಸ್ ಹೇಯ್ಸ್-ವಿಲಿಯಮ್ಸ್ ಅನ್ನೋ ಸ್ಥಳೀಯ ಕಪ್ಪು ಇತಿಹಾಸಕಾರ್ತಿ ರಾಜ್ಯ ಪತ್ರಾಗಾರದಲ್ಲಿ ಕೂತು ಮರಣಪತ್ರಗಳನ್ನ ತಿರುವಿ ಹಾಕಿ ಆ ಹೆಸರುಗಳನ್ನ ಹೊರಗೆ ತಂದರು. ಈಗ ಜನ ಆ ಸ್ಮಶಾನದಲ್ಲಿ ಸೇರಿ ಹೆಸರುಗಳನ್ನ ಗಟ್ಟಿಯಾಗಿ ಕರೀತಾರೆ.

ರೋಗಿಯ ಖಾಸಗಿತನ ಮುಖ್ಯ ಅಲ್ವಾ ಅಂತ ಕೆಲವರು ಕೇಳಬಹುದು. ಮುಖ್ಯವೇ. ಬದುಕಿರೋರ ಕಾಯಿಲೆಯನ್ನ ಬೀದಿಗೆ ತರಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಗೋರಿಯ ಮೇಲೆ ಹೆಸರಿಲ್ಲದಂತೆ ಮಾಡೋದು ಯಾವ ಖಾಸಗಿತನ? ಸತ್ತವರ ಮನೆಯವರಿಗೆ ಬಾಗಿಲು ಹಾಕಿದರೆ ಅದರಿಂದ ರಕ್ಷಣೆ ಸಿಗೋದು ರೋಗಿಗಲ್ಲ, ಸಂಸ್ಥೆಗೆ.

1946ರಲ್ಲಿ ಬಾಬಾಸಾಹೇಬರು ಕಪ್ಪು ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದರು. ನಮ್ಮ ಸ್ಥಿತಿ, ನಿಮ್ಮ ಸ್ಥಿತಿ ಎಷ್ಟೊಂದು ಹೋಲುತ್ತೆ ಅಂತ ಹೇಳಿ, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅರ್ಜಿಯ ಪ್ರತಿ ಕೇಳಿದರು. ಅಂದರೆ ಅವರೂ ಕೇಳಿದ್ದು ಒಂದು ಕಾಗದವನ್ನೇ.

ನಾವೂ ಕೇಳೋಣ. ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆ, ಜೈಲು, ನಿರಾಶ್ರಿತರ ಕೇಂದ್ರದ ಹಳೇ ರಿಜಿಸ್ಟರುಗಳು ಎಲ್ಲಿವೆ, ಯಾರ ಸುಪರ್ದಿಯಲ್ಲಿವೆ, ಯಾವುದನ್ನ ಯಾವ ಆದೇಶದ ಮೇಲೆ ನಾಶ ಮಾಡಿದರು ಅಂತ ಆರ್‌ಟಿಐ ಹಾಕಿ. ಉತ್ತರ ಬಂದರೆ ಇಲ್ಲಿ ಹಾಕಿ. ಬರದಿದ್ದರೆ ಅದನ್ನೂ ಹಾಕಿ.

ಜೈ ಭೀಮ್.