ಗಣಿ ಮುಚ್ಚಿದ್ರೂ ನೀರು ಕೆಡೋದು ನಿಲ್ಲಲ್ಲ: ಕಲ್ಲಿದ್ದಲು ತ್ಯಾಜ್ಯ, ಕೆಜಿಎಫ್ ದಿಬ್ಬ ಮತ್ತು ನಮ್ಮ ಬೋರ್‌ವೆಲ್

ಸೋಂಪುರ: ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರು ಥರ್ಮಲ್‌ಗೂ ಕಲ್ಲಿದ್ದಲು ಹೊರರಾಜ್ಯದಿಂದಲೇ ಬರುತ್ತೆ. ಆದ್ರೆ ಗಣಿ ತ್ಯಾಜ್ಯದಿಂದ ನೀರು ಕೆಡುವ ದಾರಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಕಲ್ಲು ಕ್ವಾರಿ, ಕೈಗಾರಿಕಾ ಪ್ರದೇಶ ಎರಡೂ ಇದ್ದು, ಬೋರ್‌ವೆಲ್ ನಂಬಿ ಬದುಕುವ ಈ ಭಾಗದವರು ತಿಳಿದಿರಬೇಕಾದ ವಿವರ ಇಲ್ಲಿದೆ.

ನೀರು ಕೆಡೋದು ಹೇಗೆ?
ಕಲ್ಲಿದ್ದಲು ತೆಗೆಯುವಾಗ ಬರುವ ಮಣ್ಣು, ಬಂಡೆಚೂರು, ಕಲ್ಲಿದ್ದಲು ತೊಳೆದ ಕೆಸರು ಗಣಿ ಪಕ್ಕದಲ್ಲೇ ಗುಡ್ಡೆ ಬೀಳುತ್ತೆ. ಇದರಲ್ಲಿ ಹೆಚ್ಚಾಗಿ ಪೈರೈಟ್ ಅನ್ನೋ ಕಬ್ಬಿಣ-ಗಂಧಕದ ಖನಿಜ ಇರುತ್ತೆ. ನೆಲದೊಳಗೆ ಇದ್ದಷ್ಟು ದಿನ ತೊಂದರೆ ಕಮ್ಮಿ. ಮೇಲೆ ಬಂದು ಗಾಳಿ, ಮಳೆನೀರು ಸೋಕಿದ್ರೆ ಗಂಧಕಾಮ್ಲ ಹುಟ್ಟುತ್ತೆ. ಆ ಹುಳಿ ನೀರು ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ ಕರಗಿಸಿಕೊಂಡು ಹರಿಯುತ್ತೆ.

ಹಳ್ಳ ಸೇರಿದ್ರೆ ತಳದಲ್ಲಿ ಕೆಂಪು-ಹಳದಿ ಪದರ ಕಟ್ಟುತ್ತೆ, ಮೀನು ಉಳಿಯಲ್ಲ, ಕೆರೆಯಲ್ಲಿ ಹೂಳು ತುಂಬುತ್ತೆ. ನೆಲಕ್ಕೆ ಇಂಗಿದ್ರೆ ಬಾವಿ, ಬೋರ್‌ವೆಲ್‌ಗೆ ಇಳಿಯುತ್ತೆ. ಹಳ್ಳದ ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತೆ. ಅಂತರ್ಜಲ ಕೆಟ್ಟಿದ್ದು ಪರೀಕ್ಷೆ ಮಾಡಿಸೋವರೆಗೂ ಗೊತ್ತಾಗದೇ ಇರಬಹುದು.

ಮೇಘಾಲಯದ ಜೈಂತಿಯಾ ಬೆಟ್ಟ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿನ ಇಲಿಬಿಲದಂಥ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಗಣಿಗಳಿಂದ ಬಂದ ಹುಳಿ ನೀರು ಅಸ್ಸಾಂ ಗಡಿಯ ಕೋಪಿಲಿ ಜಲವಿದ್ಯುತ್ ಕೇಂದ್ರದ ಯಂತ್ರಗಳನ್ನೇ ತಿಂದು ಹಾಕಿತ್ತು.

ನಮ್ಮ ಹತ್ತಿರದ ಪಾಠ ಕೆಜಿಎಫ್
ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದಿರು ಪುಡಿ ಮಾಡಿ, ಸೈನೈಡ್‌ನಿಂದ ಚಿನ್ನ ತೆಗೆದು ಉಳಿದ ಪುಡಿ ಇವತ್ತಿಗೂ ಅಲ್ಲೇ ಇದೆ. ಜನ ಅದನ್ನ ಸೈನೈಡ್ ದಿಬ್ಬ ಅಂತಾರೆ. ಇಂಥ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಬಿದ್ದಿದೆ. ಬಿಸಿಲು, ಗಾಳಿಗೆ ಸೈನೈಡ್ ನಿಧಾನಕ್ಕೆ ಒಡೆದು ಹೋಗುತ್ತೆ. ಆದ್ರೆ ಲೋಹಗಳು ಹಾಗೆ ಕರಗಿ ಮಾಯ ಆಗಲ್ಲ. ಗಾಳಿಗೆ ಧೂಳು ಊರಿಗೆ ಬರುತ್ತೆ, ಮಳೆಗೆ ಪುಡಿ ಕೊಚ್ಚಿಕೊಂಡು ತಗ್ಗಿಗೆ ಇಳಿಯುತ್ತೆ. ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ.

ಸೋಂಪುರಕ್ಕೆ ಏನು ಸಂಬಂಧ?
ನಮ್ಮದು ಗ್ರಾನೈಟ್ ಬಂಡೆ. ಸಾಮಾನ್ಯವಾಗಿ ಇದು ಕಲ್ಲಿದ್ದಲು ತ್ಯಾಜ್ಯದಷ್ಟು ಆಮ್ಲ ಬಿಡಲ್ಲ. ಕ್ರಷರ್ ಪುಡಿಯಿಂದ ಹಳ್ಳ-ಕೆರೆಗೆ ಹೂಳು ಬರುತ್ತೆ, ಅಷ್ಟೇ. ನಿಜವಾದ ಅಪಾಯ ಖಾಲಿ ಬಿದ್ದ ಕ್ವಾರಿ ಗುಂಡಿ. ಮಣ್ಣು ನೀರನ್ನ ಸೋಸುತ್ತೆ. ಕ್ವಾರಿಯಲ್ಲಿ ಆ ಮಣ್ಣೇ ಇರಲ್ಲ, ಬರೀ ಬಂಡೆ. ಆ ಬಂಡೆಯ ಬಿರುಕಿನಲ್ಲೇ ಬೋರ್‌ವೆಲ್ ನೀರು ಓಡಾಡೋದು. ಗುಂಡಿಗೆ ಕಾರ್ಖಾನೆ ಕೆಸರು, ಕಸ ಸುರಿದ್ರೆ ಸೋಸದೇ ಬಿರುಕಿಗೆ ಇಳಿಯಬಹುದು. ಬೆಂಗಳೂರಿನ ಕಸವನ್ನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿಗಳಿಗೆ ಸುರಿದಿದ್ದು ಎಲ್ಲರಿಗೂ ಗೊತ್ತು.

ನೆಲಮಂಗಲ ತಾಲ್ಲೂಕು ಅಂತರ್ಜಲ ಅತಿಬಳಕೆ ಪಟ್ಟಿಯಲ್ಲಿದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಹರಿಯೋದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ. ಇಲ್ಲಿ ಕೆಟ್ಟ ನೀರು ಕೆಳಗಿನ ಊರುಗಳಿಗೂ ಹೋಗುತ್ತೆ.

ಜನ ಏನು ಮಾಡಬಹುದು?
* ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಲೀಟರಿಗೆ ಟಿಡಿಎಸ್ 500 ಮಿ.ಗ್ರಾಂ, ಸಲ್ಫೇಟ್ 200 ಮಿ.ಗ್ರಾಂ ಮೀರದಿದ್ರೆ ಒಳ್ಳೇದು.
* ಪಂಚಾಯ್ತಿ ಕಿಟ್‌ನಲ್ಲಿ ಪಿಎಚ್, ಫ್ಲೋರೈಡ್, ನೈಟ್ರೇಟ್ ಥರದ್ದು ಗೊತ್ತಾಗುತ್ತೆ. ಸೀಸ, ಕ್ರೋಮಿಯಂನಂಥ ಲೋಹ ತಿಳಿಯೋಕೆ ಲ್ಯಾಬೇ ಬೇಕು. ಹೋಟೆಲ್, ಬೇಕರಿಯವರು ಟಿಡಿಎಸ್ ಮೀಟರ್ ಒಂದನ್ನೇ ನಂಬಬಾರದು.
* ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಪರೀಕ್ಷೆ ಮಾಡಿಸಿ, ರಿಪೋರ್ಟ್ ಇಟ್ಟುಕೊಳ್ಳಿ. ಮುಂದೆ ನೀರು ಕೆಟ್ಟರೆ ಹಳೇ ರಿಪೋರ್ಟೇ ಸಾಕ್ಷಿ.
* ಕ್ವಾರಿ ಗುಂಡಿಗೆ ರಾತ್ರಿ ಟ್ಯಾಂಕರ್, ಟಿಪ್ಪರ್ ಬಂದು ಸುರಿದ್ರೆ ಜಾಗ, ಸಮಯ, ಫೋಟೊ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ತಹಸೀಲ್ದಾರ್‌ಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

ಸುರಿಯೋಕೆ ಮುಂಚೆ ತಡೆಯೋದು ಒಂದು ಅರ್ಜಿಯ ಕೆಲಸ. ಸುರಿದ ಮೇಲೆ ತೆಗೆಯೋದು ಎಷ್ಟು ಕಷ್ಟ ಅನ್ನೋದಕ್ಕೆ, ಗಣಿ ಮುಚ್ಚಿ ಇಷ್ಟು ವರ್ಷ ಆದ್ರೂ ಅಲ್ಲೇ ನಿಂತಿರೋ ಕೆಜಿಎಫ್ ದಿಬ್ಬಗಳೇ ಸಾಕ್ಷಿ.